ಹೃದಯಕ್ಕೆ ಗೆರೆ ಎಳೆಯುವ ಎಐ: ನೂರಕ್ಕೆ 96 ಬಂದರೆ ಸಾಕೇ?

ಹೃದಯದ ಎಂಆರ್‌ಐ ಮಾಡಿಸಿದವರ ರಿಪೋರ್ಟ್ ತೆಗೆದು ನೋಡಿ. ಅರ್ಥವಾಗದ ಇಂಗ್ಲಿಷಿನ ನಡುವೆ ‘ಎಲ್‌ವಿಇಎಫ್’ ಅಂತ ಒಂದು ಸಾಲು ಇರುತ್ತದೆ, ಅದರ ಮುಂದೊಂದು ಸಂಖ್ಯೆ. 62% ಇರಬಹುದು, 38% ಇರಬಹುದು. ಡಾಕ್ಟರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಮನೆಯವರೂ ಅಷ್ಟೇ, ಉಳಿದದ್ದೆಲ್ಲ ಮರೆತರೂ ಆ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ‘ಅಪ್ಪನ ಹಾರ್ಟ್ ಪಂಪಿಂಗ್ ಬರೀ ಮೂವತ್ತೈದು ಅಂತೆ’ ಎಂದು ಫೋನಿನಲ್ಲಿ ನೆಂಟರಿಗೆ ಹೇಳುವ ಸಂಖ್ಯೆ ಇದೇ.

ಬಹಳ ಜನ ತಿಳಿದುಕೊಂಡಿರುವುದು ಏನೆಂದರೆ, ಬಿಪಿ ಮಿಷನ್ ಬಿಪಿ ತೋರಿಸಿದ ಹಾಗೆ ಎಂಆರ್‌ಐ ಮಿಷನ್ ಈ ಸಂಖ್ಯೆಯನ್ನು ತಾನೇ ಅಳೆದು ಕೊಡುತ್ತದೆ ಅಂತ. ಹಾಗಲ್ಲ. ಎಂಆರ್‌ಐ ಕೊಡುವುದು ಕಪ್ಪು ಬಿಳುಪು ಚಿತ್ರಗಳನ್ನು ಮಾತ್ರ. ಆ ಚಿತ್ರಗಳ ಮೇಲೆ ಹೃದಯದ ಕೋಣೆ ಎಲ್ಲಿಗೆ ಮುಗಿಯಿತು, ಗೋಡೆ ಎಲ್ಲಿಂದ ಶುರುವಾಯಿತು ಎಂದು ಯಾರಾದರೂ ಗೆರೆ ಎಳೆಯಬೇಕು. ಗೆರೆ ಎಳೆದ ಮೇಲೇ ಲೆಕ್ಕ. ಹೊಲದ ವಿಸ್ತೀರ್ಣ ಎಷ್ಟು ಅಂತ ಹೇಳಬೇಕಾದರೆ ಮೊದಲು ಹದ್ದುಬಸ್ತು ಆಗಬೇಕಲ್ಲ, ಇದೂ ಹಾಗೆಯೇ. ಈ ಕೆಲಸಕ್ಕೆ ಸೆಗ್ಮೆಂಟೇಶನ್ ಎಂದು ಹೆಸರು. ಮೊನ್ನೆ ಮೊನ್ನೆಯವರೆಗೆ ಇದನ್ನು ರೇಡಿಯಾಲಜಿಸ್ಟ್ ಅಥವಾ ತರಬೇತಿ ಪಡೆದ ತಂತ್ರಜ್ಞರು ಮೌಸ್ ಹಿಡಿದು ಮಾಡುತ್ತಿದ್ದರು. ಈಗ ಎಐ ಮಾಡುತ್ತಿದೆ.

ನಾನು ವೈದ್ಯನಲ್ಲ. ಚಿತ್ರಗಳಲ್ಲಿ ವಸ್ತುಗಳನ್ನು ಗುರುತಿಸುವ ಸಾಫ್ಟ್‌ವೇರ್ ಬರೆಯುವುದು ನನ್ನ ಹೊಟ್ಟೆಪಾಡು. ಹಾಗಾಗಿ ಎಐ ವಿರೋಧಿಯೂ ಅಲ್ಲ. ಹೃದಯದ ಎಂಆರ್‌ಐಗೆ ಈ ಯಂತ್ರಗಳು ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ. ಆದರೆ ‘ನಮ್ಮ ಎಐ ಶೇಕಡಾ 96 ನಿಖರ’ ಎಂಬ ಜಾಹೀರಾತಿನ ಮಾತು ಕೇಳಿದಾಗ, ಆ 96 ಎಂದರೇನು, ಅದನ್ನು ಯಾರ ಹೃದಯಗಳ ಮೇಲೆ ಲೆಕ್ಕ ಹಾಕಿದ್ದು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಒಪ್ಪಬಾರದು ಎನ್ನುವುದೂ ನನ್ನ ಅಭಿಪ್ರಾಯವೇ.

ಒಂದು ಸಂಖ್ಯೆಗೆ ಎಷ್ಟು ಗೆರೆ?

ಹೃದಯ ಸುಮ್ಮನೆ ಕೂರುವ ಅಂಗವಲ್ಲ. ಅದರ ಚಿತ್ರ ತೆಗೆಯುವುದಕ್ಕೆ ಎದೆಗೆ ಇಸಿಜಿ ತಂತಿ ಅಂಟಿಸುತ್ತಾರೆ. ‘ಉಸಿರು ತಗೊಳ್ಳಿ, ಬಿಡಿ, ಹಾಗೇ ಹಿಡ್ಕೊಳ್ಳಿ’ ಅನ್ನುತ್ತಾರೆ. ಆ ಕೆಲವು ಸೆಕೆಂಡುಗಳಲ್ಲಿ ಹಲವು ಬಡಿತಗಳಿಂದ ಚೂರು ಚೂರು ಮಾಹಿತಿ ಆಯ್ದು, ಇಸಿಜಿಯ ತಾಳಕ್ಕೆ ಜೋಡಿಸಿ, ಒಂದೇ ಬಡಿತದ ಸಿನಿಮಾದಂತೆ ಕಾಣುವ ಹಾಗೆ ಮಾಡುತ್ತಾರೆ. ಒಂದು ಬಡಿತಕ್ಕೆ ಸುಮಾರು 20ರಿಂದ 30 ಚಿತ್ರ. ಇದು ಹೃದಯದ ಒಂದು ಹೋಳಿನ ಕತೆ. ಮೂಲಂಗಿಯನ್ನು ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಹಾಗೆ ಹೃದಯದ ಮೇಲಿನಿಂದ ತುದಿಯವರೆಗೆ ಇಂಥ ಹತ್ತು ಹೋಳು ಬೇಕು. ಸಾಮಾನ್ಯವಾಗಿ ಹೋಳಿನಿಂದ ಹೋಳಿಗೆ 8ರಿಂದ 10 ಮಿಲಿಮೀಟರ್ ಅಂತರ.

ಇನ್ನು ಗೆರೆ. ದೇಹಕ್ಕೆಲ್ಲ ರಕ್ತ ತಳ್ಳುವುದು ಎಡಗಡೆಯ ಕೆಳಕೋಣೆ, ಪಠ್ಯಪುಸ್ತಕದ ಭಾಷೆಯಲ್ಲಿ ಎಡ ಹೃತ್ಕುಕ್ಷಿ. ಅದರ ಒಳಗಡಿಗೆ ಒಂದು ಗೆರೆ, ಸ್ನಾಯುಗೋಡೆಯ ಹೊರಗಡಿಗೆ ಒಂದು, ಬಲ ಕೆಳಕೋಣೆಗೆ ಒಂದು. ಹೀಗೆ ಹೋಳಿಗೆ ಮೂರು. ಹೃದಯ ಪೂರ್ತಿ ತುಂಬಿದ ಗಳಿಗೆಗೆ ಒಮ್ಮೆ, ಪೂರ್ತಿ ಹಿಂಡಿಕೊಂಡ ಗಳಿಗೆಗೆ ಇನ್ನೊಮ್ಮೆ. ಹತ್ತು ಹೋಳಿಗೆ ಹೆಚ್ಚುಕಮ್ಮಿ 60 ಗೆರೆ. ತಜ್ಞರಿಗೇ ಒಬ್ಬ ರೋಗಿಗೆ 20 ನಿಮಿಷದಷ್ಟು ಬೇಕಾಗುತ್ತದೆ. ಒಂದು ಹೋಳಿನ ಒಳಗಡಿಯ ವಿಸ್ತೀರ್ಣವನ್ನು ಹೋಳುಗಳ ಅಂತರದಿಂದ ಗುಣಿಸಿದರೆ ಆ ಹೋಳಿನ ಗಾತ್ರ. ಎಲ್ಲ ಹೋಳು ಕೂಡಿಸಿದರೆ ಕೋಣೆಯ ಗಾತ್ರ.

ಲೆಕ್ಕ ಸುಲಭ. ತುಂಬಿದಾಗ ಕೋಣೆಯಲ್ಲಿ 160 ಎಂಎಲ್ ರಕ್ತವಿದ್ದು, ಹಿಂಡಿದ ಮೇಲೂ 100 ಎಂಎಲ್ ಉಳಿದಿದ್ದರೆ, ಹೊರಗೆ ಹೋದದ್ದು 60. ಅರವತ್ತನ್ನು ನೂರರವತ್ತರಿಂದ ಭಾಗಿಸಿ, 37.5% ಬಂತು. ನಾವು ಪಂಪಿಂಗ್ ಅನ್ನುವುದು, ಡಾಕ್ಟರು ಇಜೆಕ್ಷನ್ ಫ್ರ್ಯಾಕ್ಷನ್ ಅನ್ನುವುದು ಇದನ್ನೇ.

ಈ ಸಂಖ್ಯೆಯ ಮೇಲೆ ಎಂಥೆಂಥ ತೀರ್ಮಾನ ನಿಂತಿವೆ ನೋಡಿ. ಹೃದಯ ವೈಫಲ್ಯ ಇರುವವರಲ್ಲಿ 40% ಅಥವಾ ಕೆಳಗಿದ್ದರೆ ಔಷಧಿಗಳ ಒಂದು ಪಟ್ಟಿಯೇ ಶುರುವಾಗುತ್ತದೆ. ಕೆಲವು ತಿಂಗಳು ಸರಿಯಾದ ಔಷಧಿ ಕೊಟ್ಟ ಮೇಲೂ 35% ಅಥವಾ ಅದಕ್ಕಿಂತ ಕೆಳಗೇ ಉಳಿದರೆ, ಭುಜದ ಕೆಳಗೆ ಚರ್ಮದಡಿ ಐಸಿಡಿ ಎಂಬ ಸಾಧನ ಕೂರಿಸುವ ಮಾತು ಬರುತ್ತದೆ. ಹೃದಯದ ಲಯ ದಿಢೀರ್ ಕೆಟ್ಟರೆ ಶಾಕ್ ಕೊಟ್ಟು ಪ್ರಾಣ ಉಳಿಸುವ ಸಾಧನ ಅದು, ಲಕ್ಷಗಟ್ಟಲೆ ಖರ್ಚಿನದು. ಸ್ತನ ಕ್ಯಾನ್ಸರ್‌ಗೆ ಕೊಡುವ ಕೆಲವು ಔಷಧಿಗಳು ಹೃದಯವನ್ನೂ ಕಾಡುತ್ತವೆ. ಚಿಕಿತ್ಸೆಯ ನಡುವೆ ಪಂಪಿಂಗ್ ಹತ್ತು ಅಂಶದಷ್ಟು ಕುಸಿದು 50%ಕ್ಕಿಂತ ಕೆಳಗಿಳಿದರೆ, ಔಷಧಿ ಮುಂದುವರಿಸಬೇಕೇ ಬೇಡವೇ ಎಂದು ಯೋಚಿಸಬೇಕಾಗುತ್ತದೆ. ಡಾಕ್ಟರು ಬರೀ ಸಂಖ್ಯೆ ನೋಡಿ ತೀರ್ಮಾನಿಸುವುದಿಲ್ಲ ನಿಜ. ಆದರೆ ಸಂಖ್ಯೆಯನ್ನು ಬಿಟ್ಟೂ ತೀರ್ಮಾನಿಸುವುದಿಲ್ಲ.

ಯಂತ್ರ ಕಲಿಯುವುದು ಹೇಗೆ?

ಎಐಗೆ ಹೃದಯ ಅಂದರೇನು ಅಂತ ಗೊತ್ತಿಲ್ಲ. ಮನುಷ್ಯರು ಮೊದಲೇ ಗೆರೆ ಎಳೆದಿಟ್ಟ ಸಾವಿರಾರು ಚಿತ್ರಗಳನ್ನು ಅದರ ಮುಂದಿಡುತ್ತಾರೆ. ಅದು ಊಹೆ ಮಾಡುತ್ತದೆ, ಮನುಷ್ಯರ ಗೆರೆಗೆ ಹೋಲಿಸುತ್ತಾರೆ, ತಪ್ಪಿನ ಪ್ರಮಾಣಕ್ಕೆ ತಕ್ಕಂತೆ ಒಳಗಿನ ಲಕ್ಷಾಂತರ ಅಂಕಿಗಳನ್ನು ಚೂರು ಚೂರೇ ತಿದ್ದುತ್ತಾರೆ. ಮತ್ತೆ ಊಹೆ, ಮತ್ತೆ ತಿದ್ದುಪಡಿ. 2015ರಲ್ಲಿ ಜರ್ಮನಿಯ ಫ್ರೈಬುರ್ಗ್ ವಿಶ್ವವಿದ್ಯಾಲಯದವರು ಯು-ನೆಟ್ ಎಂಬ ವಿನ್ಯಾಸ ಪ್ರಕಟಿಸಿದರು. ಚಿತ್ರವನ್ನು ಕುಗ್ಗಿಸುತ್ತಾ ಹೋಗಿ ‘ಇಲ್ಲಿ ಏನಿದೆ’ ಎಂದು ತಿಳಿಯುವುದು, ಮತ್ತೆ ಹಿಗ್ಗಿಸುತ್ತಾ ಬಂದು ‘ಅದು ಕರಾರುವಾಕ್ಕಾಗಿ ಎಲ್ಲಿದೆ’ ಎಂದು ಗುರುತಿಸುವುದು, ಇದು ಅದರ ಉಪಾಯ. ಇಂದು ಬಳಕೆಯಲ್ಲಿರುವ ಎಷ್ಟೋ ಸಾಫ್ಟ್‌ವೇರ್‌ಗಳು ಇದರ ಮಕ್ಕಳು ಮೊಮ್ಮಕ್ಕಳು.

ವಿನ್ಯಾಸ ಸಿಕ್ಕಿತು ಸರಿ, ಪಾಠಕ್ಕೆ ಚಿತ್ರ ಎಲ್ಲಿಂದ? 2009ರಲ್ಲಿ ಕೆನಡಾದ ಟೊರಾಂಟೊದಿಂದ ಬಂದ ಸನಿಬ್ರೂಕ್ ಸಂಗ್ರಹದಲ್ಲಿ ಇದ್ದದ್ದು 45 ಜನರ ಚಿತ್ರ. 2017ರಲ್ಲಿ ಫ್ರಾನ್ಸಿನ ದಿಜೋನ್ ವಿಶ್ವವಿದ್ಯಾಲಯ ಆಸ್ಪತ್ರೆಯ 150 ಜನರ ಚಿತ್ರಗಳೊಂದಿಗೆ ಎಸಿಡಿಸಿ ಎಂಬ ಸ್ಪರ್ಧೆ ನಡೆಯಿತು. ಆರೋಗ್ಯವಂತರು, ಹಾರ್ಟ್ ಅಟ್ಯಾಕ್ ಆದವರು, ಕೋಣೆ ಹಿಗ್ಗಿದವರು, ಗೋಡೆ ದಪ್ಪಗಾದವರು, ಬಲ ಕೆಳಕೋಣೆಯ ತೊಂದರೆ ಇದ್ದವರು, ಹೀಗೆ ಐದು ಗುಂಪು. ಗೆರೆ ಎಳೆಯುವ ಸ್ಪರ್ಧೆಯ ಜತೆಗೆ, ಆ ಗೆರೆಗಳಿಂದ ಬಂದ ಅಳತೆ ನೋಡಿ ಯಾರು ಯಾವ ಗುಂಪು ಅಂತ ಹೇಳುವ ಸ್ಪರ್ಧೆಯೂ ಇತ್ತು. ಅದರಲ್ಲಿ ಮುಂದಿದ್ದದ್ದು ನಮ್ಮ ಮದ್ರಾಸ್ ಐಐಟಿ ತಂಡ. ಮರುವರ್ಷ, 2018ರಲ್ಲಿ, ಬ್ರಿಟನ್ನಿನ ಯುಕೆ ಬಯೋಬ್ಯಾಂಕ್‌ನ 4,875 ಜನರ, ಗೆರೆ ಎಳೆದಿಟ್ಟ 93,500 ಚಿತ್ರಗಳಿಂದ ಕಲಿತ ಯಂತ್ರವೊಂದರ ಫಲಿತಾಂಶ ಪ್ರಕಟವಾಯಿತು. ಎಡ ಕೆಳಕೋಣೆಯ ಗಡಿಯಲ್ಲಿ ಅದಕ್ಕೆ ನೂರಕ್ಕೆ 94 ಅಂಕ. ಮನುಷ್ಯರಿಗೂ ಯಂತ್ರಕ್ಕೂ ಇರುವ ವ್ಯತ್ಯಾಸ, ಇಬ್ಬರು ಮನುಷ್ಯರ ನಡುವೆ ಇರುವ ವ್ಯತ್ಯಾಸದಷ್ಟೇ ಇತ್ತು.

ಇದು ಸಣ್ಣ ಸಾಧನೆಯಲ್ಲ. ಮನುಷ್ಯರು ಎಳೆದ ಗೆರೆ ಬ್ರಹ್ಮಲಿಖಿತವೇನೂ ಅಲ್ಲ. ಕೋಣೆಯೊಳಗೆ ಕಂಬದ ಹಾಗೆ ಚಾಚಿಕೊಂಡಿರುವ ಪ್ಯಾಪಿಲರಿ ಸ್ನಾಯುಗಳನ್ನು ರಕ್ತದ ಲೆಕ್ಕಕ್ಕೆ ಸೇರಿಸುವವರೂ ಇದ್ದಾರೆ, ಬಿಡುವವರೂ ಇದ್ದಾರೆ. ಒಬ್ಬರೇ ತಜ್ಞರು ಬೆಳಗ್ಗೆ ಎಳೆದ ಗೆರೆಗೂ ಸಂಜೆ ಸುಸ್ತಾದಾಗ ಎಳೆದ ಗೆರೆಗೂ ಒಂದಿಷ್ಟು ವ್ಯತ್ಯಾಸ ಬಂದೇ ಬರುತ್ತದೆ. ಯಂತ್ರಕ್ಕೆ ಸುಸ್ತಿಲ್ಲ. ಒಂದೇ ಚಿತ್ರ ಹತ್ತು ಸಲ ಕೊಟ್ಟರೂ ಅದೇ ಗೆರೆ. ಆರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುವ ರೋಗಿಗೆ ಇದು ದೊಡ್ಡ ಅನುಕೂಲ. ಏರಿಳಿತ ಹೃದಯದ್ದೋ, ಗೆರೆ ಎಳೆದವರದ್ದೋ ಎಂಬ ಅನುಮಾನ ಕಡಿಮೆಯಾಗುತ್ತದೆ.

ಆ 96ರ ಒಳಗೆ ಏನಿದೆ?

ಈಗ ಅಂಕದ ವಿಷಯಕ್ಕೆ ಬರೋಣ. ಗಡಿ ಗುರುತಿಸುವ ಎಐಗೆ ಅಂಕ ಕೊಡುವ ಪ್ರಸಿದ್ಧ ಪದ್ಧತಿಗೆ ಡೈಸ್ ಎಂದು ಹೆಸರು. ಲೀ ಡೈಸ್ ಎಂಬ ಅಮೆರಿಕದ ಪರಿಸರ ವಿಜ್ಞಾನಿ 1945ರಲ್ಲಿ, ಎರಡು ಜೀವಪ್ರಭೇದಗಳು ಎಷ್ಟರಮಟ್ಟಿಗೆ ಒಟ್ಟಿಗೇ ಕಾಣಸಿಗುತ್ತವೆ ಎಂದು ಅಳೆಯಲು ಮಾಡಿದ ಸೂತ್ರ ಅದು. ಅದೇ ಸೂತ್ರ ಈಗ ಹೃದಯಕ್ಕೆ ಬಂದಿದೆ. ಮನುಷ್ಯರು ಗುರುತಿಸಿದ ಭಾಗ, ಯಂತ್ರ ಗುರುತಿಸಿದ ಭಾಗ, ಇವೆರಡೂ ಎಷ್ಟು ಒಂದರ ಮೇಲೊಂದು ಕೂರುತ್ತವೆ ಎಂದು ನೋಡುತ್ತಾರೆ. ಎರಡಕ್ಕೂ ಸಾಮಾನ್ಯವಾದ ಭಾಗವನ್ನು ದುಪ್ಪಟ್ಟು ಮಾಡಿ, ಎರಡರ ಮೊತ್ತದಿಂದ ಭಾಗಿಸಿದರೆ ಆಯಿತು.

ಮೇಲಿನ ಉದಾಹರಣೆಗೇ ಹೋಗಿ. ಹಿಂಡಿಕೊಂಡ ಗಳಿಗೆಯಲ್ಲಿ ಕೋಣೆಯ ನಿಜವಾದ ಗಾತ್ರ 100 ಎಂಎಲ್. ಹೃದಯ ಹಿಂಡಿಕೊಳ್ಳುವಾಗ ಕವಾಟವಿರುವ ಮೇಲ್ಭಾಗ ಒಂದು ಸೆಂಟಿಮೀಟರಿನಷ್ಟು ತುದಿಯ ಕಡೆಗೆ ಜಗ್ಗುತ್ತದೆ. ಹೋಳು ಮಾತ್ರ ಇದ್ದಲ್ಲೇ ಇರುತ್ತದೆ. ಹಾಗಾಗಿ ತುಂಬಿದಾಗ ಕೆಳಕೋಣೆ ಕಾಣುತ್ತಿದ್ದ ಮೇಲಿನ ಹೋಳಿನಲ್ಲಿ, ಹಿಂಡಿದಾಗ ಮೇಲ್ಕೋಣೆ ಬಂದು ಕೂತಿರುತ್ತದೆ. ಎರಡೂ ರಕ್ತ ತುಂಬಿದ ಬಿಳಿ ದುಂಡು, ಚಿತ್ರದಲ್ಲಿ ನೋಡಲು ಒಂದೇ ಥರ. ಯಂತ್ರ ಆ ಒಂದು ಹೋಳನ್ನು ಕೆಳಕೋಣೆಯೇ ಅಂದುಕೊಂಡಿತು ಅನ್ನಿ. 3.2 ಸೆಂಟಿಮೀಟರ್ ವ್ಯಾಸದ ದುಂಡು, ಹೋಳಿನ ಅಂತರ 1 ಸೆಂಟಿಮೀಟರ್. ಗುಣಿಸಿದರೆ 8 ಎಂಎಲ್. ಈಗ ಯಂತ್ರದ ಪ್ರಕಾರ ಉಳಿದ ರಕ್ತ 108 ಎಂಎಲ್, ಹೊರಹೋದದ್ದು 52. ಪಂಪಿಂಗ್ 32.5%.

ಉಳಿದ ಎಲ್ಲ ಹೋಳುಗಳಲ್ಲಿ ಗೆರೆ ಕೂದಲೆಳೆಯಷ್ಟೂ ತಪ್ಪಿಲ್ಲ. ಡೈಸ್ ಅಂಕ ಎಷ್ಟು? ಇನ್ನೂರನ್ನು ಇನ್ನೂರ ಎಂಟರಿಂದ ಭಾಗಿಸಿ, ನೂರಕ್ಕೆ 96. ಪರೀಕ್ಷೆಯಲ್ಲಿ ಡಿಸ್ಟಿಂಕ್ಷನ್. ಆದರೆ ರೋಗಿ 37.5%ರಿಂದ 32.5%ಕ್ಕೆ ಇಳಿದು, 35% ಎಂಬ ಗೆರೆಯ ಈಚೆಯಿಂದ ಆಚೆಗೆ ಹೋಗಿಬಿಟ್ಟರು. ಬೇಡದ ಸಾಧನವೊಂದರ ಮಾತುಕತೆ ಆ ಮನೆಯಲ್ಲಿ ಶುರುವಾಯಿತು. ತಪ್ಪು ಉಲ್ಟಾ ದಿಕ್ಕಿನಲ್ಲಾದರೆ, ಸಾಧನ ಬೇಕಾದವರು ‘ನಿಮಗೆ ಬೇಡ’ ಎಂದು ಕೇಳಿಸಿಕೊಂಡು ಮನೆಗೆ ಹೋಗುತ್ತಾರೆ.

ಇದು ನಾನು ಕಟ್ಟಿದ ಲೆಕ್ಕ, ಆದರೆ ತಪ್ಪಿನ ಜಾಗ ಮಾತ್ರ ಕಟ್ಟಿದ್ದಲ್ಲ. ದಿಜೋನ್ ಸ್ಪರ್ಧೆಯ ಆಯೋಜಕರೇ ಹೇಳಿದ್ದಾರೆ: ನಡುವಿನ ಹೋಳುಗಳಲ್ಲಿ ಯಂತ್ರಗಳು ಜಾಣ, ಮೇಲಿನ ಹೋಳು ಮತ್ತು ತುದಿಯ ಹೋಳುಗಳಲ್ಲಿ ಎಡವುತ್ತವೆ. ಕೆಲವೊಮ್ಮೆ ಗೋಡೆಯಲ್ಲಿ ತೂತು ಬಿಟ್ಟಂತೆ, ಮನುಷ್ಯ ದೇಹದಲ್ಲಿ ಇರಲು ಸಾಧ್ಯವೇ ಇಲ್ಲದ ಆಕಾರಗಳನ್ನೂ ಬಿಡಿಸುತ್ತವೆ. ತಜ್ಞರಿಗೂ ಮೇಲಿನ ಹೋಳು ಕಷ್ಟವೇ. ಆದರೆ ಅನುಮಾನ ಬಂದರೆ ಅವರು ಉದ್ದಕ್ಕೆ ಸೀಳಿದಂತೆ ತೆಗೆದ ಇನ್ನೊಂದು ಚಿತ್ರ ತೆರೆದು, ಕವಾಟ ಎಲ್ಲಿದೆ ಅಂತ ನೋಡಿ ಬರುತ್ತಾರೆ. ಹೋಳುಗಳನ್ನಷ್ಟೇ ನೋಡಿ ಕಲಿತ ಯಂತ್ರಕ್ಕೆ ಅನುಮಾನ ಬರುವುದಿಲ್ಲ.

ಯಾರ ಹೃದಯ ನೋಡಿ ಕಲಿತದ್ದು?

ಎರಡನೇ ಪ್ರಶ್ನೆ ಇನ್ನೂ ಮುಖ್ಯವಾದದ್ದು. ಯುಕೆ ಬಯೋಬ್ಯಾಂಕ್‌ಗೆ ಸೇರಿದವರು 2006ರಿಂದ 2010ರ ನಡುವೆ ಸ್ವಇಚ್ಛೆಯಿಂದ ಬಂದ, 40ರಿಂದ 69 ವಯಸ್ಸಿನ ಬ್ರಿಟನ್ ನಿವಾಸಿಗಳು. ಬಹುಪಾಲು ಬಿಳಿಯರು, ಅಲ್ಲಿನ ಸಾಮಾನ್ಯ ಜನರಿಗಿಂತಲೂ ಆರೋಗ್ಯವಂತರು. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2021ರಲ್ಲಿ ಇದೇ ಸಂಗ್ರಹದಿಂದ ಯಂತ್ರವೊಂದಕ್ಕೆ ಕಲಿಸಿ, ಜನಾಂಗವಾರು ಅಂಕ ಬೇರೆ ಬೇರೆ ಮಾಡಿ ನೋಡಿದರು. ಬಿಳಿಯರ ಹೃದಯಗಳಲ್ಲಿ ಅಂಕ ಹೆಚ್ಚು, ಅಲ್ಪಸಂಖ್ಯಾತ ಜನಾಂಗಗಳವರಲ್ಲಿ ಕಡಿಮೆ. ಗಂಡು ಹೆಣ್ಣು ಚಿತ್ರಗಳು ಸಮವಾಗಿದ್ದವು, ಅಲ್ಲಿ ಅಂಥ ಅಂತರ ಕಾಣಲಿಲ್ಲ. ಎಲ್ಲರನ್ನೂ ಕಲಸಿ ಸರಾಸರಿ ತೆಗೆದಿದ್ದರೆ ಈ ವಿಷಯ ಹೊರಗೇ ಬರುತ್ತಿರಲಿಲ್ಲ.

ಇದನ್ನು ಓದಿ ‘ಹಾಗಾದರೆ ಒಂದೊಂದು ಜನಾಂಗದ ಹೃದಯ ಒಂದೊಂದು ಥರವಾ?’ ಎಂದು ಕೇಳಬೇಡಿ. ಅದೇ ಬಳಗದ ನಂತರದ ಅಧ್ಯಯನ ಬೆರಳು ತೋರಿಸಿದ್ದು ಹೃದಯದ ಕಡೆಗಲ್ಲ, ಅದರ ಸುತ್ತಮುತ್ತಲಿನ ಕಡೆಗೆ. ಚರ್ಮದಡಿಯ ಕೊಬ್ಬು, ಚಿತ್ರದ ಗುಣಮಟ್ಟದಲ್ಲಿನ ಏರುಪೇರು ಇಂಥವು. ಚಿತ್ರವನ್ನು ಹೃದಯದ ಸುತ್ತ ಮಾತ್ರ ಉಳಿಯುವಂತೆ ಕತ್ತರಿಸಿ ಕೊಟ್ಟಾಗ ಅಂತರ ಕಡಿಮೆಯಾಯಿತು. ಅಂದರೆ ಯಂತ್ರ ನೋಡುವುದು ನಾವು ಅಂದುಕೊಂಡದ್ದನ್ನೇ ಅಲ್ಲ. ಅದು ಇಡೀ ಚಿತ್ರ ನೋಡುತ್ತದೆ, ಅಭ್ಯಾಸವಿಲ್ಲದ ಚಿತ್ರ ಕಂಡರೆ ತಡವರಿಸುತ್ತದೆ.

ಸ್ಕ್ಯಾನರ್ ಬದಲಾದರೂ ಇದೇ ಕತೆ. 2020ರಲ್ಲಿ ನಡೆದ ಎಂ ಅಂಡ್ ಎಂಸ್ ಎಂಬ ಸ್ಪರ್ಧೆಯನ್ನು ಇದನ್ನು ಪರೀಕ್ಷಿಸಲೆಂದೇ ಏರ್ಪಡಿಸಿದ್ದರು. ಸ್ಪೇನ್, ಜರ್ಮನಿ, ಕೆನಡಾದ ಆರು ಆಸ್ಪತ್ರೆ, ನಾಲ್ಕು ಕಂಪನಿಗಳ ಸ್ಕ್ಯಾನರ್, 375 ಜನ. ಪಾಠದಲ್ಲಿ ಇಲ್ಲದ ಕಂಪನಿಯ ಚಿತ್ರ ಬಂದಾಗ ಅಂಕ ಇಳಿಯಿತು. ಚಿತ್ರಗಳ ಬಣ್ಣ, ಹೊಳಪು, ಆಕಾರಗಳನ್ನು ಬೇಕೆಂದೇ ಏರುಪೇರು ಮಾಡಿ ಕಲಿಸಿದ ಯಂತ್ರಗಳು ಸ್ವಲ್ಪ ತಡೆದುಕೊಂಡವು.

ದಿಜೋನ್, ಬ್ರಿಟನ್, ಮತ್ತು ಸ್ಪೇನ್-ಜರ್ಮನಿ-ಕೆನಡಾ. ಈ ಮೂರು ಪ್ರಸಿದ್ಧ ಸಂಗ್ರಹಗಳಲ್ಲಿ ಭಾರತದ ಆಸ್ಪತ್ರೆ ಒಂದೂ ಇಲ್ಲ. ನಮ್ಮಲ್ಲಿ ಹೃದಯಾಘಾತ ಪಶ್ಚಿಮದವರಿಗಿಂತ ಚಿಕ್ಕ ವಯಸ್ಸಿನಲ್ಲೇ ಬರುತ್ತದೆ. ಬಾಲ್ಯದ ಗಂಟಲು ಸೋಂಕಿನಿಂದ ಶುರುವಾಗಿ ಕವಾಟ ಹಾಳುಮಾಡುವ ರುಮ್ಯಾಟಿಕ್ ಹೃದ್ರೋಗ ಶ್ರೀಮಂತ ದೇಶಗಳಲ್ಲಿ ಅಪರೂಪವಾಗಿದೆ, ನಮ್ಮಲ್ಲಿ ಇನ್ನೂ ಇದೆ. ದಿಜೋನ್‌ನ ಐದು ಗುಂಪುಗಳಲ್ಲಿ ಅದಕ್ಕೆ ಜಾಗವಿಲ್ಲ. ಆ ಕಾಯಿಲೆಯಲ್ಲಿ ಮೇಲ್ಕೋಣೆ ಊದಿಕೊಳ್ಳುತ್ತದೆ, ಅಂದರೆ ಯಂತ್ರ ಎಡವುವ ಮೇಲಿನ ಹೋಳು ಇನ್ನಷ್ಟು ಗೋಜಲಾಗುತ್ತದೆ. ಎಷ್ಟೋ ಜನರಲ್ಲಿ ಬಡಿತದ ತಾಳವೂ ತಪ್ಪುತ್ತದೆ. ಇಸಿಜಿ ತಾಳ ನಂಬಿ ಜೋಡಿಸಿದ ಸಿನಿಮಾ ಮಸುಕಾಗುತ್ತದೆ.

ಇದಕ್ಕಿಂತ ಸಣ್ಣದೆನಿಸುವ ಒಂದು ವಿಷಯವೂ ಇದೆ: ಉಸಿರು ಹಿಡಿಯುವುದು. ಹತ್ತು ಹೋಳಿಗೆ ಹಲವು ಸಲ ಉಸಿರು ಬಿಟ್ಟು, ಪ್ರತಿಸಲವೂ ಅಷ್ಟಕ್ಕೇ ಹಿಡಿಯಬೇಕು. ಹೆಚ್ಚುಕಮ್ಮಿಯಾದರೆ ಹೋಳುಗಳು ಸರಿದು, ಒಂದರ ಮೇಲೊಂದು ಕೂರುವುದಿಲ್ಲ. ಸದ್ದು ಮಾಡುವ ಆ ಕೊಳವೆಯೊಳಗೆ ಮಲಗಿದ ಹಳ್ಳಿಯ ಅಜ್ಜಿಗೆ ಹೆಡ್‌ಫೋನಿನಲ್ಲಿ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ‘ಹೋಲ್ಡ್’ ಎಂದರೆ ಏನು ಮಾಡಬೇಕು? ಕನ್ನಡದಲ್ಲಿ, ಒಳಗೆ ಕಳಿಸುವ ಮೊದಲೇ ಎರಡು ಸಲ ಅಭ್ಯಾಸ ಮಾಡಿಸಿದರೆ ಚಿತ್ರವೇ ಸುಧಾರಿಸುತ್ತದೆ. ಕೋಟಿ ರೂಪಾಯಿಯ ಯಂತ್ರದ ಅಳತೆ ಕೊನೆಗೆ ನಿಲ್ಲುವುದು ಟೆಕ್ನಿಷಿಯನ್ನರ ಎರಡು ಮಾತಿನ ಮೇಲೆ.

ಹಾಗಾದರೆ ಏನು ಮಾಡಬೇಕು?

ಎಐ ಬೇಡ ಅನ್ನುವುದು ಉತ್ತರವಲ್ಲ. ರೇಡಿಯಾಲಜಿಸ್ಟ್‌ಗಳು ಕಡಿಮೆ ಇರುವ ಕಡೆ 20 ನಿಮಿಷದ ಕೆಲಸ ಸೆಕೆಂಡುಗಳಲ್ಲಿ ಆಗುವುದು ಲಾಭವೇ. ಉಳಿದ ಸಮಯವನ್ನು ಯಂತ್ರ ಎಡವುವ ಜಾಗದ ಮೇಲೆ ಖರ್ಚು ಮಾಡಬೇಕು, ಅಷ್ಟೇ. ಮೇಲಿನ ಎರಡು ಹೋಳು, ತುದಿಯ ಒಂದು ಹೋಳು, ಬಲ ಕೆಳಕೋಣೆ. ಇಷ್ಟನ್ನು ಮನುಷ್ಯರ ಕಣ್ಣು ನೋಡಲೇಬೇಕು ಎಂಬ ನಿಯಮವನ್ನು ಆಸ್ಪತ್ರೆಗಳು ತಾವೇ ಮಾಡಿಕೊಳ್ಳಬಹುದು.

ಸಾಫ್ಟ್‌ವೇರ್ ಕೊಳ್ಳುವ ಮೊದಲು ಆಸ್ಪತ್ರೆ ತನ್ನದೇ ಸ್ಕ್ಯಾನರಿನ, ತನ್ನದೇ ರೋಗಿಗಳ ಒಂದಿಷ್ಟು ಹಳೆಯ ಚಿತ್ರಗಳ ಮೇಲೆ ಅದನ್ನು ಓಡಿಸಿ, ತನ್ನ ತಜ್ಞರ ಗೆರೆಯೊಂದಿಗೆ ಹೋಲಿಸಬೇಕು. ಕೇಳಬೇಕಾದದ್ದು ಡೈಸ್ ಅಂಕವನ್ನಲ್ಲ. ಪಂಪಿಂಗ್ ಎಷ್ಟು ಅಂಶ ತಪ್ಪಿತು, ಎಷ್ಟು ಜನ 35ರ ಗೆರೆಯ ಆಚೀಚೆ ಹೋದರು, ತಾಳ ತಪ್ಪಿದ ಹೃದಯಗಳಲ್ಲಿ ಏನಾಯಿತು ಎಂದು ಕೇಳಬೇಕು. 2020ರ ಏಪ್ರಿಲ್‌ನಿಂದ ನಮ್ಮ ಕಾನೂನಿನಲ್ಲಿ ಇಂಥ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನವೇ. ಸರ್ಕಾರಿ ಆಸ್ಪತ್ರೆಗಳ ಟೆಂಡರಿನಲ್ಲಿ ‘ಭಾರತದ ರೋಗಿಗಳ ಮೇಲೆ ಪರೀಕ್ಷಿಸಿದ ಫಲಿತಾಂಶ, ರೋಗವಾರು, ಸ್ಕ್ಯಾನರ್‌ವಾರು ಕೊಡಿ’ ಎಂಬ ಒಂದು ಸಾಲು ಸೇರಿಸುವುದಕ್ಕೆ ಹೊಸ ಕಾನೂನೇನೂ ಬೇಕಿಲ್ಲ. ನಮ್ಮ ದೊಡ್ಡ ಹೃದ್ರೋಗ ಆಸ್ಪತ್ರೆಗಳು ಹೆಸರು ವಿಳಾಸ ಅಳಿಸಿದ, ಗೆರೆ ಎಳೆದ ಚಿತ್ರಗಳ ಸಂಗ್ರಹವೊಂದನ್ನು ರೋಗಿಗಳ ಒಪ್ಪಿಗೆ ಪಡೆದು ಕಟ್ಟಿದರೆ, ದಿಜೋನ್‌ನ 150 ಜನ ಮಾಡಿದ ಉಪಕಾರವನ್ನು ನಮ್ಮವರೂ ಮಾಡಿದಂತಾಗುತ್ತದೆ.

ರೋಗಿಗಳು, ಮನೆಯವರು ಕೇಳಬಹುದಾದ ಮೂರು ಪ್ರಶ್ನೆ ಇವೆ. ಈ ಗೆರೆ ಯಂತ್ರ ಎಳೆದದ್ದಾ, ಡಾಕ್ಟರು ನೋಡಿ ತಿದ್ದಿದ್ದಾರಾ? ಹೋದ ಸಲದ ಸಂಖ್ಯೆಯೂ ಇದೇ ವಿಧಾನದ್ದಾ, ಅಥವಾ ಎಕೋದ್ದಾ? ಸಂಖ್ಯೆ ತೀರ್ಮಾನದ ಗಡಿಯಲ್ಲೇ ನಿಂತಿದ್ದರೆ, ಇನ್ನೊಮ್ಮೆ ಗೆರೆ ನೋಡಿ ಖಾತ್ರಿ ಮಾಡಿಕೊಳ್ಳಬಹುದಾ? ಒಳ್ಳೆಯ ಡಾಕ್ಟರಿಗೆ ಈ ಪ್ರಶ್ನೆಗಳಿಂದ ಬೇಜಾರಾಗುವುದಿಲ್ಲ. 37ಕ್ಕೂ 33ಕ್ಕೂ ನಡುವೆ ಒಂದೇ ಒಂದು ಹೋಳು ಇರಬಹುದು ಎಂಬುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.